ಮಡುವಿಗೆ ಬಗ್ಗಿದವಳು

ನದಿ ಬಂಡೆಗೆ ತಾಗಿ ತಿರುಗುವ ಕಡೆ ಒಂದು ಆಶ್ರಮವಿತ್ತು. ಆಶ್ರಮದ ಕೆಳಗೆ ಮಡು. ಮಡುವಿಗೆ ಇಳಿಯಲು ಕಲ್ಲಿನ ಮೆಟ್ಟಿಲು.

ಆ ನೀರಿಗೆ ಸದ್ದಿರಲಿಲ್ಲ. ಮೇಲಿಂದ ಹಣ್ಣೆಲೆ ಬಿದ್ದರೂ ಅಲೆ ಏಳುತ್ತಿರಲಿಲ್ಲ. ಕೊಕ್ಕರೆಗಳು ನದಿಯುದ್ದಕ್ಕೂ ಇದ್ದವು, ಮಡುವಿನ ಅಂಚಿಗೆ ಮಾತ್ರ ಬರುತ್ತಿರಲಿಲ್ಲ.

ಆಶ್ರಮ ನಡೆಸುತ್ತಿದ್ದವಳು ಪಾರವ್ವ. ಎಲ್ಲರಿಗೂ ಅವಳು ಅವ್ವ. ಕಾಯಿಲೆ ಬಿದ್ದವರು ಬರುತ್ತಿದ್ದರು, ಮನಸ್ಸು ಕೆಟ್ಟವರು ಬರುತ್ತಿದ್ದರು. ಅವ್ವ ಕಡಿಮೆ ಮಾತಾಡುತ್ತಿದ್ದಳು. ಸೋಮವಾರ ಅದೂ ಇಲ್ಲ, ಅವತ್ತು ಮೌನ.

ಅವಳ ಶಿಷ್ಯೆ ದಾಕ್ಷಿ. ಅಣ್ಣನ ಮನೆಯ ಹೊಸ್ತಿಲು ದಾಟಿ ಬಂದವಳು. ಹೊರಡುವಾಗ ಅಣ್ಣ, “ಮಳೆಗಾಲದೊಳಗೆ ವಾಪಸ್ ಬರ್ತೀಯ. ಕೊಟ್ಟಿಗೆ ಮೂಲೆ ಖಾಲಿ ಇಟ್ಟಿರ್ತೀನಿ” ಅಂದಿದ್ದ.

ದಾಕ್ಷಿ ತಿರುಗಿ ನೋಡಿರಲಿಲ್ಲ.

ಆ ಆಶ್ರಮದಲ್ಲಿ ದೀಕ್ಷೆಗೆ ಒಂದೇ ಪದ್ಧತಿ. ಶಿಷ್ಯೆ ಗುರುವನ್ನು ಬೆನ್ನ ಮೇಲೆ ಹೊತ್ತು ಮಡುವಿಗೆ ಇಳಿಯಬೇಕು. ಕೊನೆಯ ಒಣ ಮೆಟ್ಟಿಲ ಮೇಲೆ ನಿಲ್ಲಬೇಕು. ಕೂರಬಾರದು, ಮಂಡಿ ಊರಬಾರದು; ಸೊಂಟದಿಂದ ಬಗ್ಗಬೇಕು. ಬೆನ್ನ ಮೇಲಿನ ಗುರು ಕೈ ಚಾಚಿ ಅಂಗೈ ನೀರು ತೆಗೆದು ಶಿಷ್ಯೆಯ ತಲೆಗೆ ಹಾಕುತ್ತಾಳೆ.

ಅದು ನಡೆಯುವುದು ಬೇಸಿಗೆಯ ಕೊನೆಗೆ, ನಡುಹಗಲಲ್ಲಿ.

“ಈ ಬೇಸಿಗೆ ತಪ್ಪಿದರೆ ಇಲ್ಲ,” ಎಂದಳು ಅವ್ವ. “ಮುಂದಿನ ವರ್ಷಕ್ಕೆ ನಿನ್ನ ಕತ್ತು ಹಿಡಿದುಕೊಳ್ಳೋ ಶಕ್ತಿ ನನ್ನ ಕೈಗಿರಲ್ಲ. ದೀಕ್ಷೆ ಇಲ್ಲದವರು ಮಳೆ ಬಂದ ಮೇಲೆ ಇಲ್ಲಿ ಉಳಿಯೋ ಹಾಗಿಲ್ಲ.”

“ತಪ್ಪಿಸಲ್ಲ ಅವ್ವಾ,” ಎಂದಳು ದಾಕ್ಷಿ.

ಆದರೆ ಅವಳ ಮೈ ಬಗ್ಗುತ್ತಿರಲಿಲ್ಲ. ನಿಂತು ಬಗ್ಗಿದರೆ ಬೆರಳು ಮಂಡಿಯ ಕೆಳಗೆ ಹೋಗುತ್ತಿರಲಿಲ್ಲ.

ಅಡುಗೆಮನೆಯ ಕೊಟ್ರಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ನನ್ನ ಒನಕೆ ಇವಳಿಗಿಂತ ಚೆಂದ ಬಗ್ಗುತ್ತೆ,” ಎಂದಳು.

ಬಂದ ಮೊದಲ ದಿನವೇ ಅವ್ವ ಒಂದು ಮಾತು ಹೇಳಿದ್ದಳು. “ನಡುಹಗಲಲ್ಲಿ ಒಬ್ಬಳೇ ಮಡುವಿನ ಕಡೆ ಹೋಗಬೇಡ.”

ಯಾಕೆ ಎಂದು ದಾಕ್ಷಿ ಕೇಳಿರಲಿಲ್ಲ. ಈಗಲೂ ಕೇಳಲಿಲ್ಲ. ಎಲ್ಲರೂ ಉಂಡು ಮಲಗಿದ ಹೊತ್ತಿಗೆ ಅಲ್ಲಿಗೇ ಹೋದಳು. ಬಗ್ಗಲಾರದವಳನ್ನು ನೋಡಿ ನಗುವವರು ಅಲ್ಲಿರಲಿಲ್ಲ.

ನೀರಿನ ಅಂಚಿಗೆ ಒಂದು ಚಪ್ಪಟೆ ಕಲ್ಲಿತ್ತು. ಅದರ ಮೇಲೆ ಕಾಲು ಚಾಚಿ ಕೂತು ಬಗ್ಗಿದಳು. ನೀರಿನಲ್ಲಿ ಅವಳ ಪ್ರತಿಬಿಂಬವೂ ಬಗ್ಗಿತು.

ದಾಕ್ಷಿಯ ಬೆರಳು ಮಂಡಿ ದಾಟಿ ನಿಂತಿತು. ನೀರಿನವಳ ಬೆರಳು ಪಾದ ಮುಟ್ಟಿತು.

ಬಿಸಿಲಿಗೆ ಕಣ್ಣು ಮಂಜಾಗಿರಬೇಕು ಎಂದುಕೊಂಡಳು ದಾಕ್ಷಿ.

ಮರುದಿನ ಅವಳ ಬೆರಳು ಕಣಕಾಲಿಗೆ ಬಂತು. ನೀರಿನವಳ ಹಣೆ ಮಂಡಿಗೆ ತಾಗಿತ್ತು. ದಾಕ್ಷಿ ಕೂದಲನ್ನು ಗಂಟು ಕಟ್ಟಿದ್ದಳು. ನೀರಿನವಳ ಕೂದಲು ಬಿಚ್ಚಿಕೊಂಡು ಹರಡಿತ್ತು.

“ಇನ್ನೊಂಚೂರು,” ಎಂದಿತು ಒಂದು ದನಿ. ದಾಕ್ಷಿಯದೇ ದನಿ. ಅವಳ ಬಾಯಿ ಮುಚ್ಚಿತ್ತು.

ಬೇರೆ ಯಾರಾದರೂ ಎದ್ದು ಓಡುತ್ತಿದ್ದರು. ದಾಕ್ಷಿಗೆ ಹಟ ಬಂತು. ನೀರಿನಲ್ಲಿರುವವಳಿಗೆ ಆಗುವುದು ನನಗೆ ಯಾಕಾಗಬಾರದು ಎಂದು ಪಾದಕ್ಕೆ ಬಟ್ಟೆ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಎಳೆದಳು.

ಹೀಗೇ ನಡೆಯಿತು. ದಿನಾ ನಡುಹಗಲು. ದಿನಾ ಇನ್ನೊಂಚೂರು.

ಒಂದು ದಿನ ಅವಳ ಬಲತೊಡೆಯ ಹಿಂದೆ, ಕೂತಾಗ ನೆಲಕ್ಕೆ ಒತ್ತುವ ಮೂಳೆಯ ಬುಡದಲ್ಲಿ, ಏನೋ ಚಟ್ ಎಂದಿತು. ಒದ್ದೆ ದಾರ ಹರಿದ ಹಾಗೆ.

ಅವಳು ಕೂಗಲಿಲ್ಲ. ನೀರಿನವಳು ತಲೆ ಎತ್ತಿ ನಕ್ಕಳು.

ಸಂಜೆಗೆ ತೊಡೆ ಊದಿತು. ನೀಲಿ ಕಲೆ ಎದ್ದು, ದಿನ ಕಳೆದಂತೆ ಇಳಿದು, ಮಂಡಿಯ ಹಿಂದೆ ಬಂದು ನಿಂತಿತು. ದಾಕ್ಷಿ ಸೀರೆ ಇಳಿಬಿಟ್ಟು ಮುಚ್ಚಿಕೊಂಡಳು. ನಡಿಗೆಯನ್ನು ಮುಚ್ಚಲಾಗಲಿಲ್ಲ.

“ಏನೇ, ಬಾತುಕೋಳಿ ಆಗಿದ್ದೀಯ?” ಎಂದಳು ಕೊಟ್ರಮ್ಮ.

“ಕಾಲು ಜಾರಿತು.”

“ಎಲ್ಲಿ?”

“ಎಲ್ಲೋ.”

ಸೋಮವಾರ ಅವಳು ಅವ್ವನ ಮುಂದೆ ಹೋಗಿ ನಿಂತಳು. ಅವ್ವ ಮೌನದಲ್ಲಿದ್ದಳು. ದಾಕ್ಷಿ ಸೀರೆ ಸರಿಸಿ ತೊಡೆಯ ಹಿಂಭಾಗ ತೋರಿಸಿದಳು.

“ಇಲ್ಲಿ ಬಿಗಿದುಕೊಂಡಿದೆ ಅವ್ವಾ. ಏನು ಮಾಡಲಿ?”

ಅವ್ವ ಎರಡು ಬೆರಳಿಂದ ಮುಟ್ಟಿ ನೋಡಿದಳು. ಹುಬ್ಬು ಗಂಟಾಯಿತು. ಅಂಗಳದ ಮರಳಿನಲ್ಲಿ ಬೆರಳಿಂದ ಒಂದು ಪದ ಬರೆದಳು.

ಎಳೆ.

ದಾಕ್ಷಿ ತಲೆಬಾಗಿ ಬಂದಳು. ಮನಸ್ಸು ಹಗುರಾಯಿತು. ಗುರುವೇ ಎಳೆ ಎಂದ ಮೇಲೆ ಇನ್ನೇನು? ಬಿಗಿದದ್ದು ಎಳೆದರೆ ತಾನೆ ಸಡಿಲವಾಗುವುದು.

ಎಳೆದಳು. ಬೆಳಿಗ್ಗೆ ಕೋಣೆಯಲ್ಲಿ ಎಳೆದಳು. ನಡುಹಗಲಲ್ಲಿ ಕಲ್ಲಿನ ಮೇಲೆ ಎಳೆದಳು. ಕಣ್ಣಲ್ಲಿ ನೀರು ಬರುವ ತನಕ ಎಳೆದಳು.

ಅವಳ ಹಣೆ ಮಂಡಿಗೆ ತಾಗಿತು. ನೀರಿನವಳು ಆಗ ತನ್ನ ಮಂಡಿ ದಾಟಿ, ಪಾದ ದಾಟಿ, ಕಲ್ಲಿನ ಬುಡದ ತನಕ ಚಾಚಿಕೊಂಡಿದ್ದಳು. ಅವಳ ತೋಳು ಬಳ್ಳಿಯಂತಾಗಿತ್ತು. ಅವಳಿಗೆ ಮೂಳೆ ಇದ್ದಂತೆ ಕಾಣಲಿಲ್ಲ.

ಅಷ್ಟು ಹೊತ್ತಿಗೆ ದಾಕ್ಷಿ ಊಟಕ್ಕೆ ನೆಲದ ಮೇಲೆ ಕೂರಲಾರದವಳಾಗಿದ್ದಳು. ನಿಂತುಕೊಂಡೇ ಉಣ್ಣುತ್ತಿದ್ದಳು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿದ್ದಳು. ಬಗ್ಗಿ ಕೊಡ ಎತ್ತಿದರೆ ಬಲಗಾಲು ತನ್ನದಲ್ಲದ ಹಾಗೆ ಕುಸಿಯುತ್ತಿತ್ತು.

ಒಂದು ಬೆಳಿಗ್ಗೆ ತುಂಬಿದ ಕೊಡದ ಜೊತೆ ಅಂಗಳದಲ್ಲೇ ಬಿದ್ದಳು. ಕೊಟ್ರಮ್ಮ ನಗಲಿಲ್ಲ. ಓಡಿ ಹೋಗಿ ಅವ್ವನನ್ನು ಕರೆತಂದಳು.

“ಇಷ್ಟು ದಿನ ಏನು ಮಾಡಿದೆ?” ಎಂದಳು ಅವ್ವ.

“ನೀವು ಹೇಳಿದ್ದೇ ಮಾಡಿದೆ. ಎಳೆದೆ.”

“ನಾನು ಯಾವಾಗ ಹೇಳಿದೆ?”

“ಮರಳಲ್ಲಿ ಬರೆದಿರಲ್ಲ. ಎಳೆ ಅಂತ.”

ಅವ್ವ ಹಿತ್ತಲಿಗೆ ಹೋದಳು. ಬಳ್ಳಿಯಲ್ಲಿ ಆಗಷ್ಟೇ ಹೂ ಉದುರಿಸಿದ ಒಂದು ಸೌತೆಯನ್ನು ಕಿತ್ತು ತಂದು ದಾಕ್ಷಿಯ ಅಂಗೈಯಲ್ಲಿಟ್ಟಳು.

“ಏನಿದು?” ಎಂದು ಕೇಳಿದಳು.

“ಎಳೆ ಸೌತೆ.”

“ಇದನ್ನ ಉದ್ದ ಆಗಲಿ ಅಂತ ಎಳೀತೀವಾ?”

ದಾಕ್ಷಿ ಅಂಗೈ ನೋಡಿದಳು.

“ಹರಿದದ್ದು ಕೂಡಿಕೊಳ್ತಿತ್ತು. ಎಳೆಯದಾಗಿತ್ತು. ಅದನ್ನೇ ಬರೆದೆ,” ಎಂದಳು ಅವ್ವ. “ನೀನು ನಿನಗೆ ಬೇಕಾದ ಎಳೆ ಓದಿಕೊಂಡೆ. ಮಂಗಳವಾರ ನನಗೆ ಬಾಯಿತ್ತು. ಬಂದು ಕೇಳಬಹುದಿತ್ತು.”

“ಕೇಳಲಿಲ್ಲ.”

“ಯಾಕೆ?”

“ನಾಚಿಕೆ ಆಯ್ತು.”

“ನಾಚಿಕೆ ಅಲ್ಲ ಅದು,” ಎಂದಳು ಅವ್ವ. “ಸೊಕ್ಕು.”

ದಾಕ್ಷಿ ಅಳಲಿಲ್ಲ. “ಈ ಬೇಸಿಗೆ ಆಗುತ್ತಾ ಅವ್ವಾ?”

“ಗೊತ್ತಿಲ್ಲ. ಬಗ್ಗೋದು ಬಿಡು. ಮೊದಲು ಏನೂ ಮಾಡದೆ ಇರೋದು ಕಲಿ.”

ಏನೂ ಮಾಡದೆ ಇರುವುದು ದಾಕ್ಷಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಅಂಗಳದಲ್ಲಿ ಒಂದಿಷ್ಟು ನಡೆಯುವುದು, ಬರುವುದು, ಮಲಗುವುದು. ಕೊಟ್ರಮ್ಮ ಅವಳಿಗೆ ಹುರುಳಿ ಸಾರು, ಮೊಸರು ಹಾಕಿ, “ತಿನ್ನು. ಗಾಳಿ ಕುಡಿದು ಮಾಂಸ ಬೆಳೆಯಲ್ಲ” ಎನ್ನುತ್ತಿದ್ದಳು.

ನೋವು ಇಳಿದ ಮೇಲೆ ಅವ್ವ ಅವಳನ್ನು ಅಂಗಾತ ಮಲಗಿಸಿದಳು. ಮಂಡಿ ಮಡಚಿ ಹಿಮ್ಮಡಿ ಊರಿಸಿದಳು.

“ಸೊಂಟ ಎತ್ತು.”

ದಾಕ್ಷಿ ಎತ್ತಿದಳು. ಬಲಗಾಲು ನಡುಗಿತು.

“ಹಿಡಿ. ಈಗ ಇಳಿಸು. ಎತ್ತಿದ್ದಕ್ಕಿಂತ ನಿಧಾನವಾಗಿ ಇಳಿಸು.”

“ಇಷ್ಟೇನಾ?”

“ಇಷ್ಟೇ ಆಗ್ತಿಲ್ಲ ನಿನಗೆ.”

“ನೋವಾದರೆ ನಿಲ್ಲಿಸಬೇಕಾ?”

“ಮಾತಾಡ್ತಾ ತಡ್ಕೊಳ್ಳೋ ನೋವಾದರೆ ಮಾಡು. ಹಲ್ಲು ಕಚ್ಚೋ ಹಾಗಾದರೆ ಬಿಡು. ಹೆಚ್ಚಾಯ್ತೋ ಕಡಿಮೆಯಾಯ್ತೋ ಮರುದಿನ ಬೆಳಿಗ್ಗೆ ಕಾಲೇ ಹೇಳುತ್ತೆ.”

ಆಮೇಲೆ ಒಂದೇ ಕಾಲಿನಲ್ಲಿ ಎತ್ತಿಸಿದಳು. ಆಮೇಲೆ ಮರಳು ತುಂಬಿದ ಚೀಲ ತರಿಸಿದಳು. ಬೆನ್ನು ನೇರ, ಮಂಡಿ ತುಸು ಸಡಿಲ, ಸೊಂಟದಲ್ಲಿ ಮಡಚಿ ಚೀಲ ಇಳಿಸುವುದು, ತಡೆಯುವುದು, ಎತ್ತುವುದು.

“ಮೊದಲು ನೀನು ಬಗ್ಗೋದು ಕಲಿತೆ. ಸುಲಭ ಅದು. ಭೂಮಿನೇ ಎಳ್ಕೊಳ್ಳುತ್ತೆ,” ಎಂದಳು ಅವ್ವ. “ತೊಡೆಯ ಮುಂದಿನ ಸ್ನಾಯು ನಿನ್ನನ್ನ ಮುಂದಕ್ಕೆ ಒಯ್ಯುತ್ತೆ. ಹಿಂದಿನದು ಏನು ಮಾಡುತ್ತೆ ಹೇಳು.”

“ನೂಕುತ್ತೆ.”

“ನೂಕುತ್ತೆ. ನಿಲ್ಲಿಸೋದೂ ಅದೇ.”

ಆ ದಿನಗಳಲ್ಲೇ ಊರಿನ ರಾಚಪ್ಪ ಮೇಷ್ಟ್ರನ್ನು ಗಾಡಿಯಲ್ಲಿ ಕರೆತಂದರು. ತಿಂಗಳಿಡೀ ಜ್ವರದಲ್ಲಿ ಮಲಗಿದ್ದ ಮುದುಕರು. ಜ್ವರ ಬಿಟ್ಟಿತ್ತು. ಎದ್ದು ನಿಲ್ಲಲು ಆಗುತ್ತಿರಲಿಲ್ಲ.

ಅವ್ವ ಅವರನ್ನು ಎತ್ತರದ ಹಲಗೆಯ ಮೇಲೆ ಕೂರಿಸಿದಳು. “ಕೂರಿ ಮೇಷ್ಟ್ರೇ.”

“ಕೂತೇ ಇದ್ದೀನಲ್ಲ ತಾಯಿ.”

“ಎದ್ದರೆ ತಾನೆ ಕೂರೋದು?”

ಮೇಷ್ಟ್ರು ದಾಕ್ಷಿಯ ಭುಜ ಹಿಡಿದು ಎದ್ದರು. ಎದ್ದವರು ಧೊಪ್ಪನೆ ಬಿದ್ದ ಹಾಗೆ ಕೂತರು.

“ಮೂಟೆ ಇಳಿಸಿದ ಹಾಗಲ್ಲ. ಮಲಗಿರೋ ಮಗುವನ್ನ ಇಳಿಸಿದ ಹಾಗೆ,” ಎಂದಳು ಅವ್ವ. “ಇನ್ನೊಮ್ಮೆ.”

“ನನ್ನ ಹುಡುಗರಿಗೆ ಬಸ್ಕಿ ಹೊಡೆಸಿದ ಪಾಪ ಇದು,” ಎಂದರು ಮೇಷ್ಟ್ರು. ಕೊಟ್ರಮ್ಮ ಒಳಗಿಂದಲೇ ನಕ್ಕಳು.

ಅವರು ಮಲಗಿದ ಮೇಲೆ ಅವ್ವ ದಾಕ್ಷಿಗೆ ಹೇಳಿದಳು. “ಜ್ವರ ಅವರನ್ನ ಬಿಟ್ಟು ಹೋಯ್ತು. ಈಗ ಮಂಚ ಹಿಡಿದಿದೆ. ಇವತ್ತು ಬಚ್ಚಲಿಗೆ ಹೋಗೋಕೆ ಆಗಲ್ಲ ಅಂತಾರೆ. ನಾಳೆ ಊಟಕ್ಕೆ ಏಳೋಕಾಗಲ್ಲ ಅಂತಾರೆ. ತಮ್ಮ ಕಾಲ ಮೇಲೆ ಏಳೋದು ಹೋದರೆ ಒಂದೊಂದೇ ಎಲ್ಲಾ ಹೋಗುತ್ತೆ. ನೀನು ಅವರನ್ನ ಎತ್ತಬೇಡ. ಅವರೇ ಏಳೋ ಹಾಗೆ ಮಾಡು.”

ದಾಕ್ಷಿ ದಿನಾ ಅವರ ಜೊತೆ ಎದ್ದಳು, ಜೊತೆ ಕೂತಳು. ಮೇಷ್ಟ್ರು ಒಂದು ದಿನ ಒಬ್ಬರೇ ಎದ್ದು ಅಡುಗೆಮನೆಯ ತನಕ ಬಂದು, “ಮಜ್ಜಿಗೆ ಇದೆಯಾ?” ಎಂದು ಕೇಳಿದರು.

ಕೊಟ್ರಮ್ಮ ಅವತ್ತು ಖುಷಿಯಾಗಿರಬೇಕಿತ್ತು. ಇರಲಿಲ್ಲ.

“ಯಾರೇ ಒದ್ದೆ ಕಾಲಲ್ಲಿ ಓಡಾಡ್ತಿರೋದು?” ಎಂದಳು. “ಈಗ ತಾನೆ ಸಾರಿಸಿದ್ದೀನಿ.”

ನಡುಹಗಲು. ದಾಕ್ಷಿಯ ಕೋಣೆಯ ಹೊಸ್ತಿಲಲ್ಲಿ ನೀರು ನಿಂತಿತ್ತು. ಮಡುವಿನ ದಾರಿಯಿಂದ ಹೆಜ್ಜೆಗಳು ಬಂದಿದ್ದವು. ಬೆರಳಿನ ಗುರುತು ಮಾತ್ರ. ಹಿಮ್ಮಡಿ ಊರಿರಲಿಲ್ಲ. ಅಷ್ಟು ಬಿಸಿಲಿಗೂ ಅವು ಆರಿರಲಿಲ್ಲ.

ವಾಪಸ್ ಹೋದ ಹೆಜ್ಜೆ ಎಲ್ಲೂ ಇರಲಿಲ್ಲ.

ದಾಕ್ಷಿ ಕೋಣೆಯ ಒಳಗೆ ನೋಡಿದಳು. ಚಾಪೆ, ಕಂಬಳಿ, ಗೋಡೆ. ಚಾಪೆಯ ಮೇಲೆ ಯಾರೋ ಕಾಲು ಚಾಚಿ ಬಗ್ಗಿ ಕೂತಷ್ಟು ಜಾಗ ಒದ್ದೆಯಾಗಿತ್ತು.

“ಇನ್ನೊಂಚೂರು,” ಎಂದಿತು ಅವಳ ದನಿ, ಅವಳ ಕಿವಿಯ ಹಿಂದೆ.

ದಾಕ್ಷಿ ಈ ಸಲ ನೆಟ್ಟಗೆ ಅವ್ವನ ಹತ್ತಿರ ಹೋದಳು. ಎಲ್ಲ ಹೇಳಿದಳು. ಕಲ್ಲು, ಬಟ್ಟೆ, ನಗು, ಯಾವುದನ್ನೂ ಮುಚ್ಚಲಿಲ್ಲ.

 

“ನೀರಲ್ಲಿ ಯಾರು ಅವ್ವಾ?”

“ನಿನ್ನಷ್ಟೇ ವಯಸ್ಸಿನವಳು.”

“ಯಾವಾಗಿಂದ ಇದ್ದಾಳೆ?”

“ನನಗೂ ನಿನ್ನ ವಯಸ್ಸಿದ್ದಾಗಿಂದ.”

ದಾಕ್ಷಿ ಮಡುವಿನ ಕಡೆ ನೋಡಿದಳು.

“ಅವಳೂ ನಾನೂ ಒಬ್ಬಳೇ ಗುರುವಿನ ಶಿಷ್ಯೆಯರು,” ಎಂದಳು ಅವ್ವ. “ಅವಳ ಹಾಗೆ ಬಗ್ಗೋರು ಈ ಸೀಮೆಯಲ್ಲಿ ಇರಲಿಲ್ಲ. ಬಾಳೆ ನಾರಿನ ಹಾಗೆ. ಎಲ್ಲರೂ ನಿಂತು ನೋಡೋರು. ದೀಕ್ಷೆ ದಿನ ಗುರುವನ್ನ ಹೊತ್ತು ಇಳಿದಳು, ಬಗ್ಗಿದಳು. ಚೆಂದ ಬಗ್ಗಿದಳು.”

“ಆಮೇಲೆ?”

“ಏಳೋದು ಅವಳಿಗೆ ಯಾರೂ ಕಲಿಸಿರಲಿಲ್ಲ. ಇಬ್ಬರೂ ನೀರಿಗೆ ಬಿದ್ದರು. ಗುರುವನ್ನ ನಾವು ಹಿಡಿದು ಮೇಲೆ ತಂದೆವು. ಅವಳು ಸಿಗಲಿಲ್ಲ.”

ನದಿಯ ಕಡೆಯಿಂದ ಗಾಳಿ ಬೀಸಿತು. ಗಾಳಿಗೆ ನೀರಿನ ವಾಸನೆಯಿತ್ತು.

“ಅವಳಿಗೆ ನಾನು ಬೇಕಾ?”

“ಅವಳಿಗೆ ಜೊತೆ ಬೇಕು. ನಿನಗೆ ಭಯವಾದರೆ ದೀಕ್ಷೆ ಬೇಡ. ಅಣ್ಣನ ಮನೆಗೆ ಗಾಡಿ ಕಟ್ಟಿಸ್ತೀನಿ. ಯಾರೂ ನಗಲ್ಲ.”

“ಭಯ ಆಗುತ್ತೆ,” ಎಂದಳು ದಾಕ್ಷಿ. “ನನ್ನ ಕಾಲು ತಡೆಯದೆ ಇದ್ದರೆ ನಾನೊಬ್ಬಳೇ ಹೋಗಲ್ಲ. ಬೆನ್ನ ಮೇಲೆ ನೀವಿರ್ತೀರಿ.”

“ಇರ್ತೀನಿ.”

“ಹಾಗಾದರೆ ಚೀಲಕ್ಕೆ ಇನ್ನಷ್ಟು ಮರಳು ಹಾಕಲಾ?”

ಅವ್ವ ಅವಳ ಮುಖ ನೋಡಿದಳು. “ಹಾಕು. ಒಂದೇ ಸಲಕ್ಕೆ ಬೇಡ.”

ಬೇಸಿಗೆ ಮುಗಿಯುತ್ತ ಬಂತು. ಮಡುವಿನ ನೀರು ಒಂದೊಂದೇ ಮೆಟ್ಟಿಲು ಬಿಟ್ಟು ಕೆಳಗಿಳಿಯಿತು. ದಾಕ್ಷಿಯ ಚೀಲ ಅವ್ವನ ತೂಕ ದಾಟಿತು. ಹೊಸ್ತಿಲಿನ ನೀರು ದಿನಾ ಬರುತ್ತಿತ್ತು. ದಾಕ್ಷಿ ದಿನಾ ಒರೆಸುತ್ತಿದ್ದಳು.

ದೀಕ್ಷೆಯ ದಿನ ಆಕಾಶದಲ್ಲಿ ಒಂದೂ ಮೋಡವಿರಲಿಲ್ಲ. ಕೊಟ್ರಮ್ಮ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ನಿಂತಳು. ರಾಚಪ್ಪ ಮೇಷ್ಟ್ರು ತಾವೇ ನಡೆದು ಬಂದು ಅವಳ ಪಕ್ಕ ನಿಂತರು. ನೆರಳುಗಳು ಎಲ್ಲರ ಪಾದದ ಅಡಿಯಲ್ಲಿದ್ದವು.

ಅವ್ವ ದಾಕ್ಷಿಯ ಬೆನ್ನೇರಿದಳು. ಹಗುರಾಗಿದ್ದಳು. ಚೀಲಕ್ಕಿಂತ ಹಗುರ.

ಇಳಿಯುತ್ತ ಇಳಿಯುತ್ತ ಭಾರವಾದಳು.

“ಅವ್ವಾ, ಭಾರ ಆಗ್ತಿದ್ದೀರಿ.”

“ನಾನಲ್ಲ. ಇಳಿಜಾರು. ಹೆಜ್ಜೆ ತಡೆದು ಇಡು.”

ದಾಕ್ಷಿ ತಡೆದು ಇಟ್ಟಳು. ಪ್ರತಿ ಹೆಜ್ಜೆಗೂ ತೊಡೆಯ ಹಿಂದಿನ ಸ್ನಾಯು ಹಗ್ಗದ ಹಾಗೆ ಬಿಗಿಯಿತು, ಬಿಟ್ಟಿತು. ಕೊನೆಯ ಒಣ ಮೆಟ್ಟಿಲಲ್ಲಿ ನಿಂತಳು.

ನೀರಿನಲ್ಲಿ ಅವ್ವನ ಪ್ರತಿಬಿಂಬವಿತ್ತು. ಅವ್ವನ ಕೆಳಗೆ ಇದ್ದ ಮುಖ ದಾಕ್ಷಿಯದಲ್ಲ. ಅದರ ಕೂದಲು ಬಿಚ್ಚಿತ್ತು.

“ಬಗ್ಗು,” ಎಂದಳು ಅವ್ವ.

ದಾಕ್ಷಿ ಸೊಂಟದಿಂದ ಬಗ್ಗಿದಳು. ಬೆನ್ನು ನೇರ. ಅವ್ವ ಅವಳ ಭುಜದ ಮೇಲಿಂದ ಕೈ ಚಾಚಿದಳು. ಬೆರಳಿಗೂ ನೀರಿಗೂ ಗೇಣು ಅಂತರ.

“ಇನ್ನೊಂಚೂರು,” ಎಂದಿತು ನೀರು.

ದಾಕ್ಷಿ ಅದು ಕೇಳಿದ ಹಾಗೆ ಬಗ್ಗಲಿಲ್ಲ. ತನ್ನ ಕಾಲು ಹೇಳಿದಷ್ಟು ಬಗ್ಗಿ ನಿಂತಳು. ಅವ್ವನ ಅಂಗೈ ನೀರು ಮುಟ್ಟಿತು.

ನೀರಿನಿಂದ ಒಂದು ಕೈ ಮೇಲೆ ಬಂತು. ಬಿಳಿಚಿದ, ಸುಕ್ಕುಗಟ್ಟಿದ, ಎಳೆ ವಯಸ್ಸಿನ ಹೆಂಗಸಿನ ಕೈ. ಅದು ಅವ್ವನ ಮುಂಗೈ ಹಿಡಿಯಿತು.

ಅವ್ವ ಕೂಗಲಿಲ್ಲ. ಮೇಲೆ ಕೊಟ್ರಮ್ಮ ಕೂಗಿದಳು.

ಭಾರ ಮುಂದಕ್ಕೆ ಜಗ್ಗಿತು. ದಾಕ್ಷಿಯ ಕಾಲ್ಬೆರಳುಗಳು ಕಲ್ಲಿನ ಅಂಚಿಗೆ ಜಾರಿದವು. ಮುಖ ನೀರಿಗೆ ಅಷ್ಟು ಹತ್ತಿರ ಬಂತು. ಒಳಗಿನ ಮುಖದ ಕಣ್ಣು ತೆರೆದಿತ್ತು. ಅದು ನಗುತ್ತಿರಲಿಲ್ಲ.

ದಾಕ್ಷಿ ಹಿಮ್ಮಡಿ ಊರಿದಳು. ಬಲತೊಡೆಯ ಹಿಂದೆ, ಹರಿದಿದ್ದ ಜಾಗದಲ್ಲಿ, ಬೆಂಕಿ ಹತ್ತಿದ ಹಾಗಾಯಿತು. ಚಟ್ ಎಂಬ ಸದ್ದಿಗೆ ಅವಳು ಕಾದಳು.

ಸದ್ದು ಬರಲಿಲ್ಲ. ಸ್ನಾಯು ತಡೆಯಿತು.

“ಏಳಲಾ ಅವ್ವಾ?” ಎಂದಳು. ಹಲ್ಲು ಕಚ್ಚಿರಲಿಲ್ಲ. ಮಾತಾಡಲು ಆಗುತ್ತಿತ್ತು.

“ನಿಧಾನ.”

ದಾಕ್ಷಿ ಎದ್ದಳು. ಮರಳಿನ ಚೀಲ ಎತ್ತಿದ ಹಾಗೆ, ಬೆನ್ನು ಬಾಗಿಸದೆ, ಉಸಿರು ಬಿಡುತ್ತ. ಭಾರ ಜೊತೆಗೇ ಎದ್ದಿತು. ನೀರಿನಿಂದ ಮೊದಲ ಸಲ ಸದ್ದು ಬಂತು. ಏನೋ ಹೊರಬಂದ ಸದ್ದು. ಅಲೆಗಳು ಎದ್ದು ಎದುರು ದಡದ ತನಕ ಹೋದವು.

ಅವ್ವನ ಅಂಗೈಯಿಂದ ದಾಕ್ಷಿಯ ನೆತ್ತಿಗೆ ತಣ್ಣನೆ ನೀರು ಬಿತ್ತು. ದೀಕ್ಷೆ ಆಯಿತು.

ದಾಕ್ಷಿ ತಿರುಗಿ ಮೆಟ್ಟಿಲು ಹತ್ತತೊಡಗಿದಳು. ಅವಳ ಉಸಿರಿತ್ತು. ಕಿವಿಯ ಪಕ್ಕ ಅವ್ವನ ಉಸಿರಿತ್ತು. ಅದರ ಹಿಂದೆ ಇನ್ನೊಂದು ಉಸಿರಿತ್ತು.

ಕೊಟ್ರಮ್ಮ ಮತ್ತು ಮೇಷ್ಟ್ರು ಮೇಲಿಂದ ನೋಡುತ್ತ ಒಂದೊಂದೇ ಹೆಜ್ಜೆ ಹಿಂದೆ ಸರಿದರು.

“ಅವ್ವಾ, ಅವಳು ನಿಮ್ಮ ಕೈ ಬಿಟ್ಟಳಾ?”

“ಇಲ್ಲ,” ಎಂದಳು ಅವ್ವ. “ಕೊಟ್ರಮ್ಮನಿಗೆ ಹೇಳು, ಒಂದು ಒಣ ಸೀರೆ ತರಲಿ. ಪಾಪ, ನಡುಗ್ತಿದ್ದಾಳೆ.”